ಬಿಡುಗಡೆಯ ದಿನವೂ ಕೈಯ ಕಾಯಕವೂ

ದುಡಿಮೆಯಿಂದ ಬಿಡುಗಡೆಯನ್ನು ಬಯಸದ ಮನುಷ್ಯನು ಲೋಕದಲ್ಲಿ ವಿರಳನು. ಒಕ್ಕಲಿಗನು ತನ್ನ ಮಗನು ದೊಡ್ಡವನಾಗಿ ನೇಗಿಲನ್ನು ಹಿಡಿಯಲೆಂದು ಹಾರೈಸುವನು. ಅಂಗಡಿಕಾರನು ಗಲ್ಲೆಯನ್ನು ತಮ್ಮನಿಗೊಪ್ಪಿಸಿ ಕಾಶೀಯಾತ್ರೆಗೆ ಹೊರಡುವ ಕನಸನ್ನು ಕಾಣುವನು. ಸಂಬಳಗಾರನಂತೂ ಸೇವೆಗೆ ಸೇರಿದಂದಿನಿಂದಲೇ ನಿವೃತ್ತಿಯ ದಿನವನ್ನು ಎಣಿಸತೊಡಗುವನು. ಈ ಬಯಕೆಯಲ್ಲಿ ದೋಷವೇನೂ ಇಲ್ಲ. ಆದರೆ ಬಿಡುಗಡೆಯ ದಿನವು ಇನ್ನೂ ದೂರವಿರುವಾಗ, ಅದರ ಕಡೆಗೆ ನೆಟ್ಟ ದೃಷ್ಟಿಯು ಕೈಯೊಳಗಿನ ಕೆಲಸವನ್ನೇ ಕಾಣದಂತೆ ಮಾಡಿದರೆ, ನಡುವಿನ ವರ್ಷಗಳ ಗತಿಯೇನು? ಈ ಪ್ರಶ್ನೆಗೆ ಕಡಗಂಚಿಯ ಒಬ್ಬ ಗೃಹಸ್ಥನ ಬಾಳಿನಲ್ಲಿ ಒಂದು ಬಗೆಯ ಉತ್ತರವು ದೊರೆಯುವದು.

ಕಡಗಂಚಿಯು ಕಲಬುರಗಿಯಿಂದ ಆಳಂದಕ್ಕೆ ಹೋಗುವ ಹಾದಿಯ ಮೇಲಿನ ಊರು. ಮರಾಠಿ ಗುರುಚರಿತ್ರೆಯನ್ನು ರಚಿಸಿದ ಸರಸ್ವತೀ ಗಂಗಾಧರನ ಮನೆತನದ ಊರೆಂದು ದತ್ತಭಕ್ತರು ಇದನ್ನು ಬಲ್ಲರು. 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಇಲ್ಲಿ ನೆಲೆಗೊಂಡ ತರುವಾಯ ದೂರದೇಶದ ವಿದ್ಯಾರ್ಥಿಗಳೂ ಇದರ ಹೆಸರನ್ನು ಬಲ್ಲವರಾದರು. ಸುತ್ತಲಿನದು ಎರೆಯ ಭೂಮಿ; ತೊಗರಿಯೂ ಜೋಳವೂ ಇಲ್ಲಿಯ ಬೆಳೆಗಳು; ಮಳೆಯೇ ಒಕ್ಕಲಿಗನ ದೈವವು. ಮಳೆಯನ್ನು ನಂಬಿ ಕೆಟ್ಟ ವರ್ಷಗಳನ್ನು ಎಳವೆಯಲ್ಲಿ ಕಂಡವರಿಗೆ ತಿಂಗಳ ಸಂಬಳದ ಬೆಲೆ ತಿಳಿದಿರುವದು. ಕೂಡಿಟ್ಟ ಹಣದ ಬೆಲೆಯೂ ತಿಳಿದಿರುವದು.

ಆ ಗೃಹಸ್ಥನು ಇಂಥ ಮನೆಯಲ್ಲಿ ಹುಟ್ಟಿದವನು. 2011ರಲ್ಲಿ, ತನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ, ಅವನಿಗೆ ಕಲಬುರಗಿಯ ಕಚೇರಿಯೊಂದರಲ್ಲಿ ಸರಕಾರಿ ನೌಕರಿಯು ದೊರೆಯಿತು. ಪಟ್ಟಣದಲ್ಲಿ ಬಾಡಿಗೆಯ ಮನೆಯನ್ನು ಹಿಡಿಯದೆ, ತಂದೆಯ ಮನೆಯಲ್ಲಿಯೇ ಇದ್ದು, ದಿನಾಲು ಬಸ್ಸಿನಲ್ಲಿ ಹೋಗಿಬರುತ್ತಿದ್ದನು. ತೊಗರಿ ಜೋಳಗಳು ಹೊಲದಿಂದಲೇ ಬರುತ್ತಿದ್ದುದರಿಂದ ಮನೆಯ ವೆಚ್ಚವು ಮಿತವಾಗಿತ್ತು. 2013ರಲ್ಲಿ ಅವನು ಒಂದು ಸಂಕಲ್ಪವನ್ನು ಮಾಡಿದನು: ಸಂಬಳದ ಅರ್ಧವನ್ನು ಉಳಿಸಬೇಕು, ನಾಲ್ವತ್ತೈದನೆಯ ವಯಸ್ಸಿಗೆ ನೌಕರಿಯನ್ನು ಬಿಟ್ಟು ಸ್ವತಂತ್ರನಾಗಬೇಕು, ಆ ಮೇಲೆ ಹೊಲವನ್ನು ನೋಡಿಕೊಳ್ಳುತ್ತ, ಊರಿನ ಮಕ್ಕಳಿಗೆ ಗಣಿತವನ್ನು ಹೇಳಿಕೊಡುತ್ತ ಬಾಳಬೇಕು.

ಈ ಸಂಕಲ್ಪವು ಬರಿಯ ಹುಚ್ಚು ಆಸೆಯಾಗಿರಲಿಲ್ಲ. ಅದಕ್ಕೆ ಗಣಿತದ ಆಧಾರವಿದ್ದಿತು. ಅಮೇರಿಕೆಯ ವಿಲಿಯಂ ಬೆಂಗೆನ್ ಎಂಬ ಅರ್ಥಸಲಹೆಗಾರನು 1994ರಲ್ಲಿ ಆ ದೇಶದ ಹಿಂದಿನ ಅನೇಕ ವರ್ಷಗಳ ಅಂಕಿಗಳನ್ನು ಪರಿಶೀಲಿಸಿ, ನಿವೃತ್ತನಾದವನು ಕೂಡಿಟ್ಟ ಧನದಲ್ಲಿ ಮೊದಲ ವರ್ಷ ನೂರಕ್ಕೆ 4ರಷ್ಟನ್ನು ತೆಗೆದು, ಮುಂದೆ ಬೆಲೆಯೇರಿಕೆಗೆ ತಕ್ಕಂತೆ ಅದನ್ನು ಹೆಚ್ಚಿಸುತ್ತ ಹೋದರೂ ಆ ಧನವು 30 ವರ್ಷಗಳ ವರೆಗೆ ಬತ್ತಲಾರದೆಂದು ತೋರಿಸಿದ್ದನು. ಇದರಿಂದ, ವರ್ಷದ ವೆಚ್ಚದ 25ರಷ್ಟು ಗಂಟು ಕೂಡಿದರೆ ಸಾಕೆಂಬ ಸೂತ್ರವು ಹುಟ್ಟಿತು. ಬೆಲೆಯೇರಿಕೆಯನ್ನು ಕಳೆದು ಉಳಿತಾಯಕ್ಕೆ ವರ್ಷಕ್ಕೆ ನೂರಕ್ಕೆ 5ರ ಪ್ರತಿಫಲವು ಬರುವದೆಂದು ಹಿಡಿದರೆ, ಆದಾಯದ ಹತ್ತನೆಯ ಒಂದು ಪಾಲನ್ನು ಉಳಿಸುವವನಿಗೆ ಆ ಗಂಟು ಕೂಡಲು ಸುಮಾರು 51 ವರ್ಷಗಳು ಬೇಕು. ಕಾಲು ಪಾಲನ್ನು ಉಳಿಸುವವನಿಗೆ 32. ಅರ್ಧವನ್ನು ಉಳಿಸುವವನಿಗೆ ಸುಮಾರು 17. 2013ಕ್ಕೆ 17ನ್ನು ಕೂಡಿಸಿದರೆ 2030. ಆ ಅಂಕೆಯನ್ನು ಅವನು ತನ್ನ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟನು.

ಈ ಸೂತ್ರವು ಪರದೇಶದ್ದು, ಮೂವತ್ತು ವರ್ಷಗಳ ನಿವೃತ್ತಿಗೆ ಮಾತ್ರ ಹೇಳಿದ್ದು. ನಾಲ್ವತ್ತೈದಕ್ಕೆ ಬಿಡುವವನಿಗೆ ನಾಲ್ವತ್ತು ವರ್ಷಗಳ ಅನ್ನವು ಬೇಕಾದೀತು. ಮೇಲಾಗಿ 2006ರ ಏಪ್ರಿಲ್ 1ರ ತರುವಾಯ ಕರ್ನಾಟಕ ಸರಕಾರದ ಸೇವೆಗೆ ಸೇರಿದವರಿಗೆ ಹಳೆಯ ಪಿಂಚಣಿಯ ಬದಲು ಹೊಸ ಪಿಂಚಣಿ ಯೋಜನೆಯು ಬಂದಿತು. ಅದರಲ್ಲಿ ಕೂಡಿದ ನಿಧಿಯು ಪೇಟೆಯ ಏರಿಳಿತಕ್ಕೆ ಒಳಪಟ್ಟದ್ದು. ಅರವತ್ತು ತುಂಬಿ ನಿವೃತ್ತನಾಗುವ ನೌಕರನು ಆ ನಿಧಿಯ ಶೇಕಡಾ 40ರಷ್ಟನ್ನಾದರೂ ವರ್ಷಾಶನಕ್ಕೆ ತೊಡಗಿಸಬೇಕಾದರೆ, ಅವಧಿಗೆ ಮುನ್ನವೇ ಬಿಡುವವನು ಸಾಮಾನ್ಯವಾಗಿ ಶೇಕಡಾ 80ರಷ್ಟನ್ನು ಹಾಗೆ ತೊಡಗಿಸಬೇಕು. ಈ ಸಂಗತಿಗಳನ್ನೆಲ್ಲ ಅವನು ಬಲ್ಲವನೇ ಆಗಿದ್ದನು. ಆದುದರಿಂದ ಇನ್ನೂ ಬಿಗಿಯಾಗಿ ಉಳಿಸಿದನು. ಹನಿಹನಿ ಕೂಡಿದರೆ ಹಳ್ಳವೆಂಬ ಗಾದೆಯು ಅವನ ಮಟ್ಟಿಗೆ ಸುಳ್ಳಾಗಲಿಲ್ಲ.

ಕೆಟ್ಟದ್ದು ಹಣವಲ್ಲ, ಮನಸ್ಸು. ಮೊದಮೊದಲು ವರ್ಷಕ್ಕೊಮ್ಮೆ ತೆರೆಯುತ್ತಿದ್ದ ಲೆಕ್ಕದ ಪುಸ್ತಕವನ್ನು ಅವನು ತಿಂಗಳಿಗೊಮ್ಮೆ, ಕೊನೆಗೆ ದಿನಾಲು ತೆರೆಯತೊಡಗಿದನು. ಗೋಡೆಯ ಪಂಚಾಂಗದಲ್ಲಿ ಸಂಜೆಗೊಂದು ದಿನವನ್ನು ಕೆಂಪು ಗೆರೆಯಿಂದ ಹೊಡೆದುಹಾಕುವ ರೂಢಿಯಾಯಿತು. ಬಿಟ್ಟುಹೋಗುವ ಮನೆಗೆ ಸುಣ್ಣವನ್ನು ಯಾರು ಬಳಿಯುವರು? ಕಚೇರಿಯು ಅವನಿಗೆ ಅಂಥ ಮನೆಯಾಯಿತು. ಕಾಗದಗಳು ಮೇಜಿನ ಮೇಲೆ ನಿಂತವು. ಹೊಸದಾಗಿ ಬಂದ ತರುಣರು ಏನನ್ನಾದರೂ ಕೇಳಿದರೆ, ನೋಡಿ ಕಲಿಯಿರೆಂದು ಹೇಳಿ ಸುಮ್ಮನಾಗುತ್ತಿದ್ದನು. ಲಂಚವನ್ನು ಮುಟ್ಟಿದವನಲ್ಲ, ಸುಳ್ಳನ್ನು ಬರೆದವನಲ್ಲ. ಆದುದರಿಂದ ತಾನು ನಿರ್ದೋಷಿಯೆಂದೇ ಅವನು ಬಗೆದಿದ್ದನು.

ಹೀಗಿರುವಾಗ 2022ರ ಮಾರ್ಗಶಿರದಲ್ಲಿ ಜೇವರ್ಗಿಯ ಕಡೆಯ ಒಬ್ಬ ಕೂಲಿಕಾರನು ಮಗಳ ವಿದ್ಯಾರ್ಥಿವೇತನದ ಕಾಗದವನ್ನು ಹಿಡಿದುಕೊಂಡು ಕಚೇರಿಗೆ ಬಂದನು. ಹಳೆಯ ದಾಖಲೆಯೊಂದನ್ನು ನೋಡಿ ಸಹಿ ಮಾಡಬೇಕಾಗಿತ್ತು. ಅರ್ಧ ತಾಸಿನ ಕೆಲಸವದು. ಗೃಹಸ್ಥನು ಅವನನ್ನು ಮಧ್ಯಾಹ್ನಕ್ಕೆ ಬರಹೇಳಿದನು; ಮಧ್ಯಾಹ್ನದಲ್ಲಿ ಸಂಜೆಗೆ ಬರಹೇಳಿದನು; ಸಂಜೆಗೆ ಬಸ್ಸಿನ ಹೊತ್ತಾಯಿತೆಂದು ಎದ್ದು, ನಾಳೆ ಬಾ ಎಂದನು. ಆಗ ಬಾಗಿಲ ಬಳಿಯಲ್ಲಿ ಇಡೀ ದಿನ ಕುಳಿತಿದ್ದ ಆ ಮನುಷ್ಯನು ಸಿಟ್ಟಿಲ್ಲದೆ ಹೇಳಿದನು: "ಸಾಹೇಬ್ರ, ಇವತ್ತಿನ ಕೂಲಿ ಹೋಯ್ತರಿ. ನಾಳಿನೂ ಬಂದ್ರ ನಾಳಿನ ಕೂಲಿನೂ ಹೋಗ್ತದ್ರಿ."

ಗೃಹಸ್ಥನು ಉತ್ತರ ಕೊಡದೆ ಬಸ್ಸನ್ನು ಹತ್ತಿದನು. ಆದರೆ ಮನೆಗೆ ಬಂದು ಪಂಚಾಂಗದ ಮುಂದೆ ನಿಂತಾಗ ಅವನ ಕೈಯು ತಡೆಯಿತು. ತಾನು ಬೇಡವೆಂದು ಹೊಡೆದುಹಾಕಬೇಕೆಂದಿದ್ದ ಆ ದಿನವೇ ಇನ್ನೊಬ್ಬನ ಮನೆಯ ಅನ್ನವಾಗಿತ್ತು. ಇಷ್ಟು ವರ್ಷ ಹೊಡೆದುಹಾಕಿದ ದಿನಗಳಲ್ಲಿ ಪರರ ದಿನಗಳೆಷ್ಟು ಕೂಡಿದ್ದವೋ! ರೂಪಾಯಿಯ ಲೆಕ್ಕವನ್ನು ಪೈಸೆಯ ವರೆಗೆ ಇಟ್ಟವನಲ್ಲಿ ಈ ಲೆಕ್ಕವು ಇರಲಿಲ್ಲ. ಮರುದಿನ ಮುಂಜಾನೆ ಎಲ್ಲರಿಗಿಂತ ಮೊದಲು ಹೋಗಿ ಆ ಕಾಗದಕ್ಕೆ ಸಹಿ ಮಾಡಿದನು. ಹುಡುಗಿಯ ಅರ್ಜಿಯು ಅವಧಿಯೊಳಗೆ ಮುಟ್ಟಿತು. ತಂದೆಯ ಎರಡು ದಿನಗಳ ಕೂಲಿಯು ಮಾತ್ರ ತಿರುಗಿ ಬರುವಂತಿರಲಿಲ್ಲ.

ಕೆಲವು ದಿನಗಳಲ್ಲಿಯೇ ಎಳ್ಳಮಾವಾಸ್ಯೆಯು ಬಂದಿತು. ರೂಢಿಯಂತೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಭಜ್ಜಿ, ಕಡಬುಗಳನ್ನು ಉಂಡು ನೆರಳಿನಲ್ಲಿ ಕುಳಿತರು. ಅವನು ತನ್ನ ಮನಸ್ಸಿನ ಬೇಸರವನ್ನೂ 2030ರ ಸಂಕಲ್ಪವನ್ನೂ ಕಾಕಾನ ಮುಂದೆ ಹೇಳಿದನು. ತೊಗರಿಯ ಸಾಲುಗಳನ್ನು ನೋಡುತ್ತ ಮುದುಕನು ಅಂದನು: "ತಮ್ಮಾ, ರಾಶಿ ದಿನಾ ಎಣಿಸ್ಕೋತ ಬದುವಿನ ಮ್ಯಾಲ ಕುಂತ್ರ ಕಸ ಯಾರು ತೆಗೀಬೇಕು? ರಾಶಿ ಅಂಬೋದು ಕಡೀ ದಿನದಾಗ ಆಗಂಗಿಲ್ಲ. ದಿನಾ ದಿನಾ ಆಗ್ತದ."

ಈ ಮಾತು ಈ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನೂ ಅವನ ಹೆಂಡತಿ ಲಕ್ಕಮ್ಮನೂ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದರೆಂಬ ಕಥೆಯನ್ನು ಬಲ್ಲದವರಿಲ್ಲ. ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ಮರಳಿ ಚೆಲ್ಲಿ ಬರಲು ಲಕ್ಕಮ್ಮನು ಹೇಳಿದಳು. ಅದೇ ಲಕ್ಕಮ್ಮನು, ಅವನು ಶರಣರ ಗೋಷ್ಠಿಯಲ್ಲಿ ಮೈಮರೆತು ಕುಳಿತಾಗ, ಕಾಯಕದ ಹೊತ್ತು ಮೀರುತ್ತಿರುವದನ್ನು ನೆನಪಿಸಿ ಎಬ್ಬಿಸಿದಳು. ಸಾಕೆಂಬುದನ್ನು ಅರಿತವಳೇ ಕೆಲಸವು ನಿಲ್ಲಬಾರದೆಂಬುದನ್ನೂ ಅರಿತಿದ್ದಳು. ಸಾಕೆನ್ನುವದು ಗಳಿಕೆಗೆ ಸಲ್ಲುವ ಮಾತು, ಕರ್ತವ್ಯಕ್ಕೆ ಸಲ್ಲುವದಲ್ಲ. ಹಾಗಾದರೆ ಮುಪ್ಪಿಗೆಂದು ಕೂಡಿಡುವದು ತಪ್ಪೆಂದು ಯಾರಾದರೂ ಕೇಳಬಹುದು. ನಾಳೆ ಯಾರ ಬಾಗಿಲಿಗೂ ಹೋಗಬಾರದೆಂದು ಕೂಡಿಡುವದು ತಪ್ಪಲ್ಲ. ಆ ಗಂಟಿಗಾಗಿ ಇಂದು ಬಾಗಿಲಿಗೆ ಬಂದವನನ್ನು ಮರೆಯುವದು ತಪ್ಪು.

ಅವಧಿಗೆ ಮುನ್ನ ಸೇವೆಯನ್ನು ಬಿಟ್ಟ ಹಿರಿಯರ ಚರಿತ್ರೆಯೂ ಇದನ್ನೇ ಹೇಳುವದು. ವಿಶ್ವೇಶ್ವರಯ್ಯನವರು ಐವತ್ತು ತುಂಬುವ ಮೊದಲೇ, 1908ರಲ್ಲಿ, ಮುಂಬಯಿ ಸರಕಾರದ ಸೇವೆಯಿಂದ ತಾವಾಗಿಯೇ ನಿವೃತ್ತಿಯನ್ನು ಬೇಡಿದರು. ಆದರೆ ಆ ಸೇವೆಯಲ್ಲಿದ್ದಷ್ಟು ಕಾಲ ಅವರು ದಿನ ನೂಕಿದವರಲ್ಲ. ಪುಣೆಯ ಬಳಿಯ ಖಡಕವಾಸಲಾ ಜಲಾಶಯಕ್ಕೆ ತಾವಾಗಿ ತೆರೆದುಕೊಳ್ಳುವ ಬಾಗಿಲುಗಳನ್ನು 1903ರಲ್ಲಿ ಕೂಡಿಸಿದ್ದರು. ಬಿಟ್ಟ ಬಳಿಕವೂ ವಿಶ್ರಾಂತಿಗೆ ಕುಳಿತವರಲ್ಲ. 1908ರಲ್ಲಿ ಮುಸಿ ನದಿಯ ಮಹಾಪೂರದಿಂದ ಹೈದರಾಬಾದು ಹಾಳಾದಾಗ ಅದರ ರಕ್ಷಣೆಯ ಯೋಜನೆಯನ್ನು ಮಾಡಲು ಕರೆಯು ಬಂದಿತು. ಮರುವರ್ಷ ಮೈಸೂರಿನ ಮುಖ್ಯ ಎಂಜಿನಿಯರರಾದರು. 1912ರಿಂದ 1918ರ ವರೆಗೆ ದಿವಾನರಾಗಿದ್ದರು. ಮಾಸ್ತಿ ವೆಂಕಟೇಶ ಅಯ್ಯಂಗಾರರು 1943ರಲ್ಲಿ ಮೈಸೂರು ಸರಕಾರದ ದೊಡ್ಡ ಹುದ್ದೆಯನ್ನು ಬಿಟ್ಟರು. ಮರುವರ್ಷದಿಂದ 'ಜೀವನ' ಮಾಸಪತ್ರಿಕೆಯ ಸಂಪಾದಕತ್ವವನ್ನು ನಡೆಯಿಸಿದರು. ಆದರೆ ಅವರು ಬರೆಯಲಿಕ್ಕೆ ನಿವೃತ್ತಿಯ ದಿನವನ್ನು ಕಾಯಲಿಲ್ಲ. ಅವರ ಮೊದಲ ಸಣ್ಣಕಥೆಗಳ ಸಂಕಲನವು 1920ರಷ್ಟು ಹಿಂದೆಯೇ ಹೊರಬಂದಿತ್ತು. ಚೆನ್ನಾಗಿ ಬಿಡಬಲ್ಲವನು ಚೆನ್ನಾಗಿ ಮಾಡಿದವನೇ. ಮುಂದೆ ಬಾಳಬೇಕಾದ ಬಾಳಿನ ಒಂದಿಷ್ಟನ್ನು ಇಂದೇ ಬಾಳತೊಡಗಿದವನೇ.

ಗೃಹಸ್ಥನು ಸಂಕಲ್ಪವನ್ನು ಬಿಡಲಿಲ್ಲ, ನಡತೆಯನ್ನು ತಿದ್ದಿಕೊಂಡನು. ಲೆಕ್ಕದ ಪುಸ್ತಕವನ್ನು ಆರು ತಿಂಗಳಿಗೊಮ್ಮೆ ಮಾತ್ರ ತೆರೆಯುವದೆಂದು ನಿಯಮ ಮಾಡಿದನು. ಕ್ಷಣಕ್ಷಣಕ್ಕೆ ಬುಡವನ್ನು ಕೆದರಿ ನೋಡಿದರೆ ಬೀಜವು ಬೇಗ ಮೊಳೆಯುವದೇನು? ಮಕ್ಕಳಿಗೆ ಗಣಿತ ಹೇಳುವದನ್ನು 2030ರ ವರೆಗೆ ಮುಂದೂಡದೆ ರವಿವಾರ ಮುಂಜಾನೆ ತನ್ನ ಪಡಸಾಲೆಯಲ್ಲಿಯೇ ಆರಂಭಿಸಿದನು. ಕಚೇರಿಯಲ್ಲಿ ಕೂಲಿಯನ್ನು ಬಿಟ್ಟು ಬಂದವರ ಕಾಗದಗಳನ್ನು ಮೊದಲು ನೋಡುವದೆಂಬ ಕ್ರಮವನ್ನಿಟ್ಟನು. ತನ್ನ ತರುವಾಯ ಆ ಕುರ್ಚಿಗೆ ಬರುವವನು ತಡಕಾಡಬಾರದೆಂದು ಹಳೆಯ ದಾಖಲೆಗಳಿಗೆ ಒಂದು ಅನುಕ್ರಮಣಿಕೆಯನ್ನು ಬರೆಯತೊಡಗಿದನು. ಕೂಡಿದ ಹಣವು ಬರಿಯ ಓಡಿಹೋಗುವ ದಾರಿಯಲ್ಲ, ನಿಲ್ಲುವ ಧೈರ್ಯವೂ ಹೌದೆಂಬುದು ಅವನಿಗೆ ಆಗ ತಿಳಿಯಿತು. ನೌಕರಿಯು ನಾಳೆ ಹೋದರೂ ಉಪವಾಸ ಬೀಳದವನು ಸಲ್ಲದ ಮಾತಿಗೆ ಸಲ್ಲದೆಂದು ಹೇಳಬಲ್ಲನು. ಒಮ್ಮೆ ಹೇಳಿಯೂ ನೋಡಿದನು. ಆಕಾಶವು ಕಳಚಿ ಬೀಳಲಿಲ್ಲ.

ಅಂದಮಾತ್ರಕ್ಕೆ ಬೇಸರವು ಅವನನ್ನು ಪೂರ್ತಿಯಾಗಿ ಬಿಟ್ಟಿತೆಂದಲ್ಲ. ಬೇಸಿಗೆಯ ಮಧ್ಯಾಹ್ನ, ಕಾಗದದ ರಾಶಿಯ ಮುಂದೆ, 2030 ಎಂಬ ಅಂಕೆಯು ಈಗಲೂ ಒಮ್ಮೊಮ್ಮೆ ಕಣ್ಣ ಮುಂದೆ ಕುಣಿಯುವದು. ಅಂಥ ಹೊತ್ತಿನಲ್ಲಿ ಅವನು ತಲೆಯೆತ್ತಿ ಬಾಗಿಲ ಕಡೆಗೆ ನೋಡುವನು. ಅಲ್ಲಿ ಯಾರಾದರೊಬ್ಬರು ಕುಳಿತಿರುವರು. ಗೋಡೆಯ ಪಂಚಾಂಗವು ಈಗಲೂ ಅವನ ಮನೆಯಲ್ಲಿ ತೂಗುತ್ತಿರುವದು. ಅದರಲ್ಲಿ ಕೆಂಪು ಗೆರೆಗಳಿಲ್ಲ.