ಮುಳ್ಳು ಮತ್ತು ಕಲ್ಲು

ಶಿರಸಿಯಿಂದ ಹುಲೇಕಲ್ಲಿಗೆ ಹೋಗುವ ದಾರಿ ಕಾಡು ಹಾಗೂ ಅಡಿಕೆ ತೋಟಗಳ ನಡುವೆ ಬಳುಕುತ್ತ ಸಾಗುತ್ತದೆ. ಮಳೆಗಾಲದಲ್ಲಿ ಅದರ ತಿರುವುಗಳು ಪಾಚಿಗಟ್ಟಿದ ಅಂಗಳದಂತೆ ಜಾರುತ್ತವೆ. ಆ ಊರಿನ ಕೃಷಿಕನೊಬ್ಬ ತಂದೆಯ ಕಾಲದ ಯೆಜ್ದಿ ಮೋಟಾರ್ ಸೈಕಲ್ಲನ್ನು ಇಂದಿಗೂ ಓಡಿಸುತ್ತಾನೆ. ಅದನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿಹೋಯಿತು. ಆದುದರಿಂದ ವೇಗಮಾಪಕ ಕೆಟ್ಟಾಗ ಮೂಲದ್ದು ದೊರೆಯದೆ, ಪೇಟೆಯಲ್ಲಿ ಸಿಕ್ಕಿದ್ದೊಂದನ್ನು ಹಾಕಿಸಿಕೊಂಡನು. ಹೊಳೆಯುವ ಗಾಜು, ಅಚ್ಚುಕಟ್ಟಾದ ಅಂಕೆಗಳು, ನೋಟಕ್ಕೇನೂ ಕೊರತೆಯಿರಲಿಲ್ಲ. ಆದರೆ ಒಂದು ಸಂಜೆ, ಮುಳ್ಳು 40ನ್ನು ತೋರುತ್ತಿದ್ದಾಗಲೇ, ದಿನವೂ ಹಾಯುವ ತಿರುವಿನಲ್ಲಿ ಗಾಡಿ ರಸ್ತೆಯಂಚಿನವರೆಗೆ ಜಾರಿತು.

“ತಮಾ, ಮುಳ್ಳನ್ನು ನಂಬಬೇಡ, ಕಲ್ಲನ್ನು ಕೇಳು” ಎಂದರು ಹಿರಿಯ ಮೆಕ್ಯಾನಿಕ್.

ಈ ಬಗೆಯ ವೇಗಮಾಪಕಕ್ಕೆ 1902ರಲ್ಲಿ ಜರ್ಮನಿಯಲ್ಲಿ ಪೇಟೆಂಟ್ ಪಡೆದವನು ಆಟೋ ಶುಲ್ಜ್. ಗಾಡಿ ಓಡಿದಂತೆ ಕೇಬಲೊಂದು ತಿರುಗಿ, ಮೀಟರಿನೊಳಗಿನ ಅಯಸ್ಕಾಂತವನ್ನು ತಿರುಗಿಸುತ್ತದೆ. ಅದಕ್ಕೆ ತಾಗದಂತೆ ಅಲ್ಯೂಮಿನಿಯಂ ಬಟ್ಟಲೊಂದಿದೆ. ಅದರಲ್ಲಿ ಹುಟ್ಟುವ ಸುಳಿ ವಿದ್ಯುತ್ತು ಬಟ್ಟಲನ್ನೂ ಜೊತೆಗೆ ಎಳೆಯುತ್ತದೆ. ಕೂದಲೆಳೆಯಂಥ ಸ್ಪ್ರಿಂಗ್ ತಡೆಯುತ್ತದೆ. ಈ ಎರಡರ ಜಗ್ಗಾಟದಲ್ಲಿ ಮುಳ್ಳು ಒಂದೆಡೆ ನಿಲ್ಲುತ್ತದೆ. ಅದೇ ಕೇಬಲ್ ಹಲ್ಲುಚಕ್ರಗಳ ಮೂಲಕ ಕಿಲೋಮೀಟರಿನ ಅಂಕೆಗಳನ್ನೂ ಉರುಳಿಸುತ್ತದೆ. ಒಂದು ಕಿಲೋಮೀಟರಿಗೆ ಕೇಬಲ್ ಇಷ್ಟು ಸುತ್ತು ತಿರುಗಬೇಕೆಂಬ ಲೆಕ್ಕ ಗಾಡಿಗೂ ಮೀಟರಿಗೂ ಒಂದೇ ಆಗಿರದಿದ್ದರೆ ಎರಡೂ ಸುಳ್ಳಾಡುತ್ತವೆ.

ಅವನು ಮುಂಡಗೋಡಿನ ಕಡೆಯ ನೇರ ದಾರಿಗೆ ಹೋದನು. ಕಿಲೋಮೀಟರ್ ಕಲ್ಲುಗಳ ಪ್ರಕಾರ 10 ಕಿಲೋಮೀಟರ್ ಸಾಗಿದಾಗ ಮೀಟರು 8 ಎಂದಿತು. ಮುಳ್ಳನ್ನು 40ರಲ್ಲಿ ಕದಲದಂತೆ ಹಿಡಿದು, ಕಲ್ಲಿನಿಂದ ಕಲ್ಲಿಗೆ ಗೆಳೆಯನಿಂದ ಗಡಿಯಾರ ನೋಡಿಸಿದನು. 90 ಸೆಕೆಂಡು ಹಿಡಿಯಬೇಕಾಗಿತ್ತು, 72 ಸಾಕಾಯಿತು. ಎಂದರೆ ನಿಜವಾದ ವೇಗ ಗಂಟೆಗೆ 50. ದೂರ ಸರಿಯಾಗಿದ್ದು ವೇಗವಷ್ಟೇ ತಪ್ಪಿದ್ದರೆ ಸ್ಪ್ರಿಂಗನ್ನೋ ಅಯಸ್ಕಾಂತವನ್ನೋ ಶಂಕಿಸಬಹುದಿತ್ತು. ಇಲ್ಲಿ ಎರಡೂ ಐದನೆಯ ಒಂದು ಪಾಲು ಕಡಮೆ. ದೋಷ ಸುತ್ತಿನ ಲೆಕ್ಕದ್ದೇ.

ಹತ್ತರ ವ್ಯತ್ಯಾಸ ಅಲ್ಪವೆನಿಸೀತು. ಆದರೆ ಬ್ರೇಕು ಹಿಡಿದ ಮೇಲೆ ಗಾಡಿ ಸಾಗುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ; 40ರ ಬದಲು 50 ಆದರೆ ಅದು ಒಂದೂವರೆ ಪಟ್ಟಿಗೂ ಮಿಗಿಲು. ಮುಳ್ಳು ನಿಜವೇಗಕ್ಕಿಂತ ಕಡಮೆ ತೋರಲೇಬಾರದೆಂದು ವಿಶ್ವಸಂಸ್ಥೆಯ ವಾಹನ ನಿಯಮವೂ ಹೇಳುತ್ತದೆ.

ಹೊಂದುವ ಮೀಟರು ದೊರೆಯುವವರೆಗೆ ಅವನು ಗಾಜಿನ ಮೇಲೆ 32ರ ನೇರಕ್ಕೆ ಕೆಂಪು ಗೆರೆಯೊಂದನ್ನು ಎಳೆದುಕೊಂಡನು. ಅವನ ಪಾಲಿಗೆ ಅದೇ ನಲವತ್ತು.