ಐದು ದಿನದ ಲೆಕ್ಕ

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳಲ್ಲಿ ಹಿಮವೆಂಬುದು ಪುಸ್ತಕದ ಮಾತು. ನಾವು ಕಂಡ ಹಿಮವೆಂದರೆ ಕಬ್ಬಿನ ಹಾಲಿನ ಲೋಟದಲ್ಲಿ ತೇಲುವ ತುಂಡು. ಅದೂ ಕುಡಿದು ಮುಗಿಸುವ ಮೊದಲೇ ಕರಗಿಹೋಗುತ್ತದೆ. ಇಂಥ ಸೀಮೆಯಲ್ಲಿ ಕನ್ನಡ ಪಾಠ ಹೇಳಿಕೊಂಡಿರುವವನು, ಧ್ರುವ ಪ್ರದೇಶಗಳಲ್ಲಿ ಕಾಣೆಯಾದವರನ್ನು ಹುಡುಕುವ ಏರ್ಪಾಟಿನ ವಿಷಯ ಬರೆಯಹೊರಟರೆ ಓದುಗರು ನಗಬಹುದು. ಆದರೆ 2016ರ ಫೆಬ್ರುವರಿಯಲ್ಲಿ ಆ ಹಿಮ ನಮ್ಮ ನೆರೆಮನೆಗೇ ಬಂದಿತ್ತು.

ಆ ತಿಂಗಳ 3ರಂದು ಸಿಯಾಚಿನ್ ಹಿಮನದಿಯ ಮೇಲೆ, ಸುಮಾರು 19,600 ಅಡಿ ಎತ್ತರದಲ್ಲಿದ್ದ ಸೇನಾ ಠಾಣೆಯೊಂದು ಹಿಮ ಕುಸಿದು ಮುಚ್ಚಿಹೋಯಿತು. ಒಳಗೆ ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಇದ್ದರು. ಅವರಲ್ಲಿ ಮೂವರು ಕನ್ನಡಿಗರು. ಆ ಮೂವರಲ್ಲೊಬ್ಬರು ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಆ ಊರು ಧಾರವಾಡ ಜಿಲ್ಲೆಗೆ ಸೇರಿದ್ದರೂ ನಮಗೆ ನೆರೆಯದೇ. ಹಿಮಾಲಯದ ಆ ಸೀಮೆಯನ್ನು ‘ಮೂರನೆಯ ಧ್ರುವ’ ಎಂದು ಕರೆಯುವ ವಾಡಿಕೆಯುಂಟು. ಅಲ್ಲಿನ ಚಳಿ ಸೊನ್ನೆಗಿಂತ 40 ಡಿಗ್ರಿಗೂ ಕೆಳಕ್ಕಿಳಿಯುತ್ತದೆ.

ಬದುಕಿರುವ ಸಂಭವ ತೀರ ಕಡಮೆಯೆಂದು ಸೇನೆಯೇ ಮರುದಿನ ಹೇಳಿತು. ಆದರೂ ಅಗೆತ ನಿಲ್ಲಲಿಲ್ಲ. ನೂರಕ್ಕೂ ಮಿಕ್ಕ ಸೈನಿಕರು ನಾಯಿಗಳನ್ನೂ ರಾಡಾರ್ ಉಪಕರಣಗಳನ್ನೂ ಗಟ್ಟಿಹಿಮ ಕೊಯ್ಯುವ ಗರಗಸಗಳನ್ನೂ ಇಟ್ಟುಕೊಂಡು ಹುಡುಕಿದರು. ಆರನೆಯ ದಿನ, 8ರಂದು, ಸುಮಾರು 25 ಅಡಿ ಆಳದಲ್ಲಿ ಹನುಮಂತಪ್ಪ ಜೀವಂತವಾಗಿ ಸಿಕ್ಕರು.

ಆಗ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಸುಗ್ಗಿ. ಹಾವೇರಿಯಿಂದ ರಾಣೇಬೆನ್ನೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವ ನನಗೆ, ಬ್ಯಾಡಗಿಯಲ್ಲಿ ಹತ್ತುವ ಮುದಿ ಹಮಾಲರೊಬ್ಬರ ಪರಿಚಯವಿತ್ತು. ಅಂದು ನನ್ನ ಕೈಯಲ್ಲಿದ್ದ ಪತ್ರಿಕೆಯನ್ನು ನೋಡಿ, “ಸರ, ಅವ ಜೀವಂತ ಅದಾನಂತ ಇವರಿಗೆ ಹೆಂಗ ಗೊತ್ತಾತ್ರಿ, ಅಷ್ಟ ದಿನಾ ಅಗದ್ರಲ್ಲಾ?” ಎಂದರು.

“ಗೊತ್ತಾಗಿ ಅಗೀಲಿಲ್ರೀ ಕಾಕಾ, ಅಗದಮ್ಯಾಲೆ ಗೊತ್ತಾತು” ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಅದು ದೊಡ್ಡ ಮಾತು ಬಿಡ್ರಿ” ಎಂದರು.

ಆ ದೊಡ್ಡ ಮಾತೇ ನನ್ನನ್ನು ಈ ಓದಿಗೆ ಹಚ್ಚಿತು. 1916ರಲ್ಲಿ ಶ್ಯಾಕಲ್ಟನ್ ಎಂಬ ಸಾಹಸಿಯ 22 ಮಂದಿ ಸಂಗಡಿಗರು ದಕ್ಷಿಣ ಧ್ರುವ ಸೀಮೆಯ ಎಲಿಫೆಂಟ್ ದ್ವೀಪದಲ್ಲಿ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ದಾರಿ ಕಾದರು. ಸಣ್ಣ ದೋಣಿಯಲ್ಲಿ ಸಹಾಯ ತರಹೋಗಿದ್ದ ನಾಯಕನನ್ನು ಮಂಜುಗಡ್ಡೆ ಮೂರು ಸಲ ಹಿಂದಕ್ಕಟ್ಟಿತು. ನಾಲ್ಕನೆಯ ಸಲ, ಆಗಸ್ಟ್ 30ರಂದು, ಚಿಲಿ ದೇಶದ ಹಡಗೊಂದರಲ್ಲಿ ಬಂದು ಅಷ್ಟೂ ಮಂದಿಯನ್ನು ಕರೆದೊಯ್ದ. ಕೇಳಲು ಸೊಗಸಾದ ಕಥೆ. ಆದರೆ ಅವನ ದೋಣಿ ಮುಳುಗಿದ್ದರೆ, ಉಳಿದವರು ಎಲ್ಲಿದ್ದಾರೆಂದು ಹೇಳುವವರೇ ಇರಲಿಲ್ಲ.

ಒಬ್ಬನ ಹಟವನ್ನು ನಂಬಿ ಕೂಡಬಾರದೆಂದೇ ಏರ್ಪಾಟುಗಳು ಹುಟ್ಟಿದವು. ಉತ್ತರ ಧ್ರುವದ ಸುತ್ತಣ ಎಂಟು ದೇಶಗಳು 2011ರಲ್ಲಿ ಗ್ರೀನ್‌ಲೆಂಡಿನ ನೂಕ್ ಪಟ್ಟಣದಲ್ಲಿ ಕೂಡಿ, ಕಾಣೆಯಾದವರನ್ನು ಯಾವ ಕಡಲಿನಲ್ಲಿ ಯಾರು ಹುಡುಕಬೇಕೆಂದು ಪಾಲು ಮಾಡಿಕೊಂಡವು. ನಮ್ಮಲ್ಲಿ ಹೊಲ ಪಾಲಾಗುವುದು ಹಕ್ಕಿಗಾಗಿ. ಇಲ್ಲಿ ಪಾಲಾದದ್ದು ಹೊಣೆ. 2017ರಿಂದ ಧ್ರುವದ ಕಡಲುಗಳಲ್ಲಿ ಸಂಚರಿಸುವ ಹಡಗುಗಳಿಗೆ ಇನ್ನೊಂದು ನಿಯಮ ಬಂದಿದೆ. ನೆರವು ಬರಲು ಎಷ್ಟು ಕಾಲ ಬೇಕಾದೀತೆಂದು ಮೊದಲೇ ಲೆಕ್ಕ ಹಾಕಿ, ಅಷ್ಟು ದಿನ ಜೀವ ಹಿಡಿದಿರಲು ಬೇಕಾದ ಸಾಮಗ್ರಿಯನ್ನು ಹೊತ್ತೇ ಹೊರಡಬೇಕು. ಆ ಲೆಕ್ಕ ಐದು ದಿನಕ್ಕೆ ಕಡಮೆಯಾಗಕೂಡದು.

ಈ ಕೆಲಸದಲ್ಲಿ ನಮ್ಮ ಬೆಂಗಳೂರಿಗೂ ಪಾಲುಂಟು. ಆಪತ್ತಿನಲ್ಲಿರುವ ಹಡಗು, ವಿಮಾನಗಳ ಸಣ್ಣ ಪೆಟ್ಟಿಗೆಯೊಂದು ಹೊರಡಿಸುವ ಕೂಗನ್ನು ಉಪಗ್ರಹಗಳು ಕೇಳಿಸಿಕೊಳ್ಳುತ್ತವೆ. ಸಮಭಾಜಕ ವೃತ್ತದ ನೇರಕ್ಕೆ ನಿಂತ ಉಪಗ್ರಹಗಳಿಗೆ ಧ್ರುವಗಳು ಕಾಣವು. ಅದಕ್ಕೆಂದೇ ಧ್ರುವಗಳ ಮೇಲೆ ಹಾದುಹೋಗುವ ಉಪಗ್ರಹಗಳೂ ಈ ಏರ್ಪಾಟಿನಲ್ಲಿವೆ. ಭಾರತದ ಪಾಲಿನ ಕೂಗುಗಳನ್ನು ತಕ್ಕವರಿಗೆ ಮುಟ್ಟಿಸುವ ಕೇಂದ್ರ ಬೆಂಗಳೂರಿನ ಇಸ್ರೋದಲ್ಲಿದೆ. ಪೆಟ್ಟಿಗೆ ಯಾರದು, ಯಾರಿಗೆ ತಿಳಿಸಬೇಕು ಎಂಬುದನ್ನು ಮೊದಲೇ ಬರೆಸಿಟ್ಟಿದ್ದರೆ ಆ ಕೆಲಸ ಬೇಗ ನಡೆಯುತ್ತದೆ.

ಕನ್ನಡದಲ್ಲಿ ‘ಅರಸು’ ಎಂದರೆ ದೊರೆ. ‘ಅರಸು’ ಎಂದರೆ ಹುಡುಕು. ಒಂದು ನಾಮಪದ, ಇನ್ನೊಂದು ಕ್ರಿಯಾಪದ. ವ್ಯಾಕರಣ ಇವೆರಡಕ್ಕೂ ನಂಟು ಕಟ್ಟುವುದಿಲ್ಲ. ಆದರೂ ತರಗತಿಯಲ್ಲಿ ಈ ಜೋಡಿಯನ್ನು ಹೇಳುವಾಗ ಈಚೆಗೆ ನನಗೆ ಅನಿಸುವುದಿದೆ: ತನ್ನವನು ಕಾಣೆಯಾದಾಗ ಅರಸದವನು ಅರಸನಾಗಿದ್ದು ಏನು ಫಲ?

ಹನುಮಂತಪ್ಪ ಉಳಿಯಲಿಲ್ಲವೆಂಬುದು ಎಲ್ಲರಿಗೂ ಗೊತ್ತು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಹಾಗಾದರೆ ಅಗೆದದ್ದು ವ್ಯರ್ಥವೇ? ನನಗೆ ಹಾಗೆನಿಸದು. ಉಳಿದ ಒಂಬತ್ತು ಮಂದಿಯ ದೇಹಗಳೂ ಸಿಕ್ಕವು. ಹತ್ತು ಮನೆಗಳಲ್ಲಿ ಒಂದು ಮನೆಯವರೂ ‘ಎಲ್ಲಿದ್ದಾನೋ’ ಎಂದು ಬಾಗಿಲು ನೋಡುತ್ತ ಉಳಿಯಬೇಕಾಗಲಿಲ್ಲ.

ನಮ್ಮ ಹುಡುಗರಲ್ಲಿ ಕೆಲವರು ಸೈನ್ಯಕ್ಕೆ ಸೇರುವ ಆಸೆಯಿಂದ ಬೆಳಕು ಹರಿಯುವ ಮೊದಲೇ ಮೈದಾನದಲ್ಲಿ ಓಡುತ್ತಾರೆ. ಅವರಲ್ಲಿ ಯಾರು ಯಾವ ಹಿಮಕ್ಕೆ ಹೋಗುವರೋ ಕಾಣೆ. ಅವರ ತಾಯಂದಿರಿಗೆ ಧೈರ್ಯ ಹೇಳುವ ಯೋಗ್ಯತೆ ನನ್ನದಲ್ಲ. ಬೆಚ್ಚನೆಯ ಕಚೇರಿಯಲ್ಲಿ ಕುಳಿತು ಇಂಥ ಲೆಕ್ಕ ಬರೆಯುವವರಲ್ಲಿ ಮಾತ್ರ ಒಂದು ಬಿನ್ನಹ: ಐದು ಎಂದು ಬರೆಯುವ ಕಡೆ, ಬೆಟದೂರಿನವರನ್ನು ನೆನೆದು, ಆರು ಎಂದೇ ಬರೆಯಿರಿ.