ಮಂದಣ್ಣ ನಮ್ಮ ಮನೆಯಲ್ಲೇ ಇದ್ದ

ನಾನು ಎಂ.ಕಾಂ. ಓದಿದ್ದು ಧಾರವಾಡದಲ್ಲಿ. ಬ್ಯಾಂಕಿನ ನೌಕರಿ ಸಿಕ್ಕು, ಮುಂಬಯಿಗೆ ವರ್ಗವಾಗಿ, ಸಂಸಾರ ಹೂಡಿದ್ದು ಠಾಣೆಯ ಕೋಪರಿಯಲ್ಲಿ. ಎರಡೂ ಊರಿಗೆ ಒಂದು ಹೋಲಿಕೆ ಇದೆ. ಯಾರಾದರೂ ಸ್ವಲ್ಪ ವಿಚಿತ್ರವಾಗಿ ನಡೆದುಕೊಂಡರೆ ನಮ್ಮ ಕಡೆ "ಇವನ್ನ ಧಾರವಾಡಕ್ಕ ಒಯ್ರಿ" ಅನ್ನುತ್ತಾರೆ. ಮುಂಬಯಿಯಲ್ಲಿ "ಠಾಣೆಗೆ ಕಳಿಸಿ" ಅನ್ನುತ್ತಾರೆ. ಎರಡೂ ಕಡೆ ಬ್ರಿಟಿಷರ ಕಾಲದಿಂದ ಮಾನಸಿಕ ಆಸ್ಪತ್ರೆ ಇರುವುದೇ ಈ ಚೇಷ್ಟೆಗೆ ಕಾರಣ. ಎರಡೂ ಊರಿನ ಅನ್ನ ಉಂಡ ನಾನು ಈ ಮಾತಿಗೆ ಎಲ್ಲರ ಜೊತೆ ನಕ್ಕವನೇ. ಒಮ್ಮೆ ಮಗನಿಗೂ ಅಂದಿದ್ದೆ: "ನಾವಿರೋದೇ ಠಾಣೆಯೊಳಗ. ಇನ್ನ ಎಲ್ಲಿಗೆ ಕಳಸ್ಲಿ ನಿನ್ನ?"

ಆಗ ಅವನಿಗೆ ಹತ್ತು ವರ್ಷ. ಆ ಮಳೆಗಾಲದಲ್ಲಿ ಮೂರನೆಯ ಛತ್ರಿ ಕಳೆದುಕೊಂಡು, ತೋಯಿಸಿಕೊಂಡು ಬಾಗಿಲಲ್ಲಿ ನಿಂತಿದ್ದ. ಛತ್ರಿ, ಕಂಪಾಸು, ಡಬ್ಬಿ, ಯಾವುದೂ ಅವನ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಶಾಲೆಯ ಡೈರಿಯಲ್ಲಿ ಪ್ರತಿ ತಿಂಗಳೂ ಒಂದೇ ಷರಾ: ಬುದ್ಧಿ ಇದೆ, ಲಕ್ಷ್ಯ ಇಲ್ಲ. ಆದರೆ ಕೆಟ್ಟ ರೇಡಿಯೋ ಒಂದನ್ನು ಬಿಚ್ಚಿ ಕೂತರೆ ಊಟಕ್ಕೆ ಕರೆದರೂ ಕೇಳಿಸುತ್ತಿರಲಿಲ್ಲ. "ಬೇಕಾದ್ದಕ್ಕ ಲಕ್ಷ್ಯ ಬರ್ತದ, ಬ್ಯಾಡಾದ್ದಕ್ಕ ಬರೂದಿಲ್ಲ" ಎಂದು ನಾನು ಅದನ್ನೇ ಅಪರಾಧದ ಸಾಕ್ಷಿ ಮಾಡಿಕೊಂಡೆ. ನಾನಾದರೋ ಒಂದು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ಒಂಬತ್ತರವರೆಗೂ ಲೆಜರು ಬಿಡದವನು. ಮರೆವು ಎಂದರೆ ನನಗೆ ಸೋಮಾರಿತನ, ಸೋಮಾರಿತನ ಎಂದರೆ ಪಾಪ. ಹೊಡೆದದ್ದೂ ಉಂಟು.

2007ರಲ್ಲಿ 'ತಾರೆ ಜಮೀನ್ ಪರ್' ಬಂತು. ಮನೆಯವರೆಲ್ಲ ಹೋಗಿ ನೋಡಿದೆವು. ಮಗನಿಗೆ ಆಗ ಹತ್ತೊಂಬತ್ತು. ವಾಪಸು ಬರುವಾಗ ರಿಕ್ಷಾದಲ್ಲಿ ಮೆಲ್ಲಗೆ ಹೇಳಿದ: "ಅಪ್ಪಾ, ನನಗೂ ಸಾಲ್ಯಾಗ ಹಿಂಗ ಅನಸ್ತಿತ್ತು." ನಾನು ತಟ್ಟನೆ ಅಂದೆ: "ಆ ಹುಡುಗಗ ಅಕ್ಷರ ಬರೂದಿಲ್ಲೋ. ನಿನಗ ಬರ್ತಿದ್ವಲ್ಲ." ಮಾತು ಅಲ್ಲಿಗೇ ಮುಗಿಯಿತು. ಸಿನಿಮಾದ ಇಶಾನನಿಗಿದ್ದದ್ದು ಡಿಸ್ಲೆಕ್ಸಿಯಾ, ಓದು ಬರಹದ ತೊಡಕು. ಆ ಲೆಕ್ಕದಲ್ಲಿ ನಾನು ಹೇಳಿದ್ದು ಸರಿಯೇ. ಆದರೆ ಮಗ ರೋಗದ ಹೆಸರು ಕೇಳಿರಲಿಲ್ಲ. ತೆರೆಯ ಮೇಲೆ ತನ್ನಂಥ ಒಬ್ಬನನ್ನು ಕಂಡೆ ಎಂದಿದ್ದ. ಅಷ್ಟನ್ನು ಕೇಳಿಸಿಕೊಳ್ಳುವ ಕಿವಿ ನನಗಿರಲಿಲ್ಲ.

ಈಗ ಮೊಮ್ಮಗನ ವಿಷಯಕ್ಕೆ ಬರುತ್ತೇನೆ. ಅವನಿಗೆ ಒಂಬತ್ತು ವರ್ಷ. ಠಾಣೆ ಸ್ಟೇಶನ್ನಿನ ಹತ್ತನೇ ಪ್ಲಾಟ್‌ಫಾರ್ಮು ನಮ್ಮ ಕೋಪರಿಯ ಕಡೆಗೇ ಇದೆ. ಅಲ್ಲಿಂದ ವಾಶಿ, ನೇರುಳ್, ಪನವೇಲ್ ಕಡೆಗೆ ಹೋಗುವ ಗಾಡಿಗಳ ವೇಳೆಯೆಲ್ಲ ಅವನ ಬಾಯಲ್ಲಿ. ಆದರೆ ಯಾರಾದರೂ "ಏನೋ, ಹೇಗಿದ್ದೀ?" ಎಂದರೆ ಮುಖ ನೋಡುವುದಿಲ್ಲ. ಮಿಕ್ಸರಿನ ಸದ್ದಿಗೆ ಕಿವಿ ಮುಚ್ಚುತ್ತಾನೆ. ಕೂತಲ್ಲಿ ಕೂರುವುದಿಲ್ಲ. ಎರಡು ವರ್ಷದ ಹಿಂದೆ ಶಾಲೆಯವರು ತೋರಿಸಿಕೊಂಡು ಬನ್ನಿ ಎಂದರು. ಡಾಕ್ಟರಮ್ಮ ನಾಲ್ಕು ಸಲ ಕರೆಸಿ, ಶಾಲೆಯಿಂದಲೂ ವಿವರ ತರಿಸಿ, ಆಟಿಸಮ್ ಮತ್ತು ಎಡಿಎಚ್‌ಡಿ ಎರಡೂ ಇವೆ ಎಂದರು. ಒಬ್ಬರಿಗೇ ಇವೆರಡನ್ನೂ ಒಟ್ಟಿಗೆ ಹೇಳುವುದಕ್ಕೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅವಕಾಶವಾದದ್ದೇ 2013ರಲ್ಲಿ.

ಆಮೇಲೆ ಆಕೆ ಮನೆತನದ ಬಗ್ಗೆ ಕೇಳಿದರು. "ತಂದೆಯ ಬಾಲ್ಯ ಹೇಗಿತ್ತು?" ಮಗ ನನ್ನ ಕಡೆ ನೋಡಿದ. ಉತ್ತರ ಹೇಳಬೇಕಾದವನು ನಾನೇ. ಮೂರು ಛತ್ರಿಯ ಕತೆ ಹೇಳಿದೆ. ಹೊಡೆದದ್ದನ್ನು ಬಿಟ್ಟು ಹೇಳಿದೆ. ಕೆಲವು ತಿಂಗಳ ನಂತರ ಮಗನೂ ಪರೀಕ್ಷೆ ಮಾಡಿಸಿಕೊಂಡ. ಅವನದು ಎಡಿಎಚ್‌ಡಿ. ಮೂವತ್ತಾರು ವರ್ಷದ ಮೇಲೆ ಡೈರಿಯ ಷರಾಕ್ಕೆ ಒಂದು ಹೆಸರು ಸಿಕ್ಕಿತು.

ಆ ದಿನಗಳಲ್ಲಿ ನಿದ್ದೆ ಬಾರದೆ ಕಪಾಟಿನಿಂದ ತೇಜಸ್ವಿಯವರ 'ಕರ್ವಾಲೋ' ತೆಗೆದೆ. 1980ರಲ್ಲಿ ಬಂದ ಕಾದಂಬರಿ. ಹಾಸ್ಟೆಲಿನಲ್ಲಿ ಒಬ್ಬರ ಕೈಯಿಂದ ಒಬ್ಬರು ಕಸಿದುಕೊಂಡು ಓದಿದ್ದೆವು. ಮಂದಣ್ಣನ ಫಜೀತಿಗಳಿಗೆ ಹೊಟ್ಟೆ ಹಿಡಿದು ನಕ್ಕಿದ್ದೆವು. ಊರವರ ಲೆಕ್ಕದಲ್ಲಿ ಅವನು ಕೆಲಸಕ್ಕೆ ಬಾರದ ಉಡಾಳ. ಆದರೆ ಜೇನುಹುಳು, ಕಾಡಿನ ಸಣ್ಣ ಪ್ರಾಣಿ ಎಂದರೆ ಬೇರೆ ಯಾರ ಕಣ್ಣಿಗೂ ಬೀಳದ್ದು ಅವನ ಕಣ್ಣಿಗೆ ಬೀಳುತ್ತದೆ. ಹಾರುವ ಓತಿಯ ಸುಳಿವು ಸಿಗುವುದು ಅವನಿಂದಲೇ. ನಲವತ್ತು ವರ್ಷದ ಮೇಲೆ ಓದುವಾಗ ಈ ಸಲ ನಗು ಬರಲಿಲ್ಲ. ಇವನು ನನ್ನ ಮನೆಯಲ್ಲೇ ಬೆಳೆದನಲ್ಲ ಅನಿಸಿತು.

ಬೆಳಿಗ್ಗೆ ಸೊಸೆಗೆ ಹೇಳಿದೆ. ಆಕೆ ಡೊಂಬಿವಲಿಯ ಮರಾಠಿ ಹುಡುಗಿ, ಎಲ್ಲವನ್ನೂ ತೂಗಿ ನೋಡುವವಳು. "ಬಾಬಾ, ಪುಸ್ತಕದಲ್ಲಿರೋನಿಗೆ ಡಾಕ್ಟರು ಹೇಗೆ ತೋರಿಸ್ತೀರಿ?" ಎಂದಳು. ಮಾತು ನಿಜ. ಎಡಿಎಚ್‌ಡಿ ಎನ್ನಬೇಕಾದರೆ ಹನ್ನೆರಡು ವರ್ಷದೊಳಗೇ ಲಕ್ಷಣ ಕಂಡಿರಬೇಕು, ಮನೆ ಶಾಲೆ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಕಂಡಿರಬೇಕು. ಮಂದಣ್ಣನ ಬಾಲ್ಯವನ್ನು ಯಾರಿಗೆ ಕೇಳೋಣ? ತೇಜಸ್ವಿ ಬರೆದದ್ದು ಮನುಷ್ಯನನ್ನು, ಕೇಸ್ ಪೇಪರನ್ನಲ್ಲ. ತೆರೆಯ ಮೇಲಿನ ಪಾತ್ರಗಳಿಂದ ಮೋಸವೂ ಆಗುತ್ತದೆ. 1988ರ 'ರೇನ್ ಮ್ಯಾನ್' ನೋಡಿದವರು ಆಟಿಸಮ್ ಇರುವವರೆಲ್ಲ ಲೆಕ್ಕದ ಮಾಂತ್ರಿಕರು ಎಂದುಕೊಂಡರು. ಅಂಥ ಶಕ್ತಿ ಇರುವುದು ಕೆಲವರಿಗೆ ಮಾತ್ರ. "ನಿಮ್ಮ ಹುಡುಗ ಕ್ಯಾಲೆಂಡರ್ ಹೇಳ್ತಾನಾ?" ಎಂದು ಸೊಸೈಟಿಯ ಒಬ್ಬರು ನಮ್ಮನ್ನೂ ಕೇಳಿದ್ದಾರೆ.

ಹಾಗಾದರೆ ಪಾತ್ರದಲ್ಲಿ ನಮ್ಮವರನ್ನು ಕಾಣುವುದು ಬರೀ ಭ್ರಮೆಯೋ? ನನಗೆ ಹಾಗೆ ಅನಿಸುವುದಿಲ್ಲ. ಎರಡನೆಯ ಓದಿನಲ್ಲಿ ನನ್ನನ್ನು ಹಿಡಿದದ್ದು ಮಂದಣ್ಣನಿಗಿಂತ ಕರ್ವಾಲೋ. ಅಷ್ಟು ದೊಡ್ಡ ವಿಜ್ಞಾನಿ ಈ ಹುಡುಗನನ್ನು ತಿದ್ದಲು ಹೋಗುವುದಿಲ್ಲ. ಇವನೊಬ್ಬ ಹುಟ್ಟು ನಿಸರ್ಗ ವಿಜ್ಞಾನಿ ಎಂದು ಗುರುತಿಸಿ, ಅವನು ಸಿಕ್ಕಿಬಿದ್ದಾಗೆಲ್ಲ ಅವನ ಪರ ನಿಲ್ಲುತ್ತಾರೆ. ಅವರ ಬಳಿ ಆಟಿಸಮ್, ಎಡಿಎಚ್‌ಡಿ ಎಂಬ ಶಬ್ದಗಳಿರಲಿಲ್ಲ. ನೋಡುವ ಕಣ್ಣಿತ್ತು. ಹಾಗೆಂದು ಶಬ್ದ ಬೇಡವೆಂದೂ ನಾನು ಹೇಳುವುದಿಲ್ಲ. ಶಬ್ದ ಸಿಕ್ಕಿದ್ದಕ್ಕೇ ಮೊಮ್ಮಗನಿಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಸಿಗುತ್ತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಮ್ ಸೇರಿದೆ. ನಮ್ಮೂರಿನಲ್ಲಿದ್ದರೆ ಇಂಥ ಹುಡುಗ ಹೊಲ, ದನ, ಗುಡಿ ಎಂದು ಎಲ್ಲೋ ಹೊಂದಿಕೊಳ್ಳುತ್ತಿದ್ದ ಎಂದು ನನ್ನವಳು ಹೇಳುತ್ತಾಳೆ. ಹೊಂದಿಕೊಳ್ಳುತ್ತಿದ್ದನೇನೋ, "ಹುಚ್ಚಪ್ಪ" ಎನ್ನಿಸಿಕೊಂಡು. ಊರು ಬಿಟ್ಟವರಿಗೆ ಊರಿನ ತಪ್ಪು ಬೇಗ ಮರೆತುಹೋಗುತ್ತದೆ.

ಈಗ ರಾತ್ರಿ ಮೊಮ್ಮಗನಿಗೆ 'ಕರ್ವಾಲೋ' ಓದಿ ಹೇಳುತ್ತೇನೆ. ಅವನ ಕನ್ನಡದಲ್ಲಿ ಅರ್ಧ ಮರಾಠಿ. ಕೇಳುತ್ತಾ ಕೋಣೆಯ ತುಂಬ ಓಡಾಡುತ್ತಾನೆ. ಮೊದಲು ಗದರುತ್ತಿದ್ದೆ, ಈಗ ಇಲ್ಲ, ಓಡಾಡಿದರೂ ಒಂದು ಮಾತು ತಪ್ಪಿಸಿಕೊಳ್ಳುವುದಿಲ್ಲ. ಮೊನ್ನೆ ಕೊನೆಯ ಭಾಗ ಮುಗಿಸಿದೆ. ಓತಿ ಕಣಿವೆಗೆ ಹಾರಿಹೋಯಿತು.

"ಅಜ್ಜಾ, ಮಂದಣ್ಣಗ ಯಾರೂ ಬೈಲಿಲ್ಲಾ?"

ಅವನಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಬಾಗಿಲಲ್ಲಿ ಮಗ ನಿಂತಿದ್ದ. ಆಫೀಸಿನಿಂದ ಈಗಷ್ಟೇ ಬಂದವನು, ತಲೆಯಿಂದ ನೀರು ಸುರಿಯುತ್ತಿತ್ತು.

"ಛತ್ರಿ?" ಎಂದೆ.

"ಗಾಡ್ಯಾಗ ಬಿಟ್ಟೆ, ಅಪ್ಪಾ."

ಟವೆಲ್ ತಂದು ಕೊಟ್ಟೆ. "ನಿನಗ ಭಾಳ ಬೈದೆ ನಾ. ಹೊಡದೂ ಹೊಡದೆ" ಎಂದೆ. ಅಷ್ಟು ಹೇಳುವುದಕ್ಕೆ ಇಪ್ಪತ್ತೇಳು ವರ್ಷ ಹಿಡಿಯಿತು. ಅವನು ತಲೆ ಒರೆಸಿಕೊಳ್ಳುತ್ತಾ ಹಾಸಿಗೆಯ ತುದಿಗೆ ಕೂತು, "ಮೊದಲಿಂದ ಓದ್ರಿ. ನಾನೂ ಕೇಳ್ತೀನಿ" ಎಂದ.